ಕರೆಂಟಿನ ದುಡ್ಡು ಹಾಲಿನ ಬಟವಾಡೆ ಥರ ಬರಬೇಕು, ಕಬ್ಬಿನ ಬಿಲ್ ಥರ ಅಲ್ಲ

ಈ ಸಲ ಬೆಳೆ ವಿಚಾರ ಅಲ್ಲ, ಕರೆಂಟ್ ವಿಚಾರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮದ್ದೂರು, ಮಳವಳ್ಳಿ ಕಡೆ ಈಗ ಎರಡು ಥರದ ಜನ ಓಡಾಡ್ತಾ ಇದ್ದಾರೆ. ಒಬ್ಬರು ಮನೆ ತಾರಸಿ ನೋಡೋರು. ಇನ್ನೊಬ್ಬರು ಹೊಲ ನೋಡೋರು. ತಾರಸಿ ನೋಡೋರು "ಪ್ಯಾನಲ್ ಹಾಕಿಸಿ, ಉಳಿದ ಕರೆಂಟ್ ಮಾರಿ, ತಿಂಗಳಾ ತಿಂಗಳಾ ದುಡ್ಡು" ಅಂತಾರೆ. ಹೊಲ ನೋಡೋರು "ಗುತ್ತಿಗೆ ಕೊಡಿ, ನೀವು ಏನೂ ಮಾಡೋದು ಬೇಡ, 25 ವರ್ಷ ಕೂತು ತಿನ್ನಿ" ಅಂತಾರೆ. ಸಂತೇಲಿ ಸಿಕ್ಕವರೆಲ್ಲ ನನ್ನ ಕೇಳೋದು ಒಂದೇ: "ಅಣ್ಣ, ಕರೆಂಟ್ ಮಾರಿದ್ರೆ ದುಡ್ಡು ಬತ್ತದಂತೆ, ದಿಟವಾ?"

ದಿಟವೇ. ಬರುತ್ತೆ. ಆದರೆ ಎಷ್ಟು ಬರುತ್ತೆ, ಯಾವ ದಿನ ಬರುತ್ತೆ, ಯಾರ ಕೈಗೆ ಬರುತ್ತೆ ಅನ್ನೋದು ಬೇರೆ ಬೇರೆ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಿಸಿಲು ನಮ್ಮ ಮೇಲೆ ಬೀಳ್ತಾ ಇರೋದು, ಜಾಗ ನಮ್ಮದು. ಹಂಗಾಗಿ ಕರೆಂಟ್ ಮಾರೋರು ನಾವೇ ಆಗಬೇಕು. ಬರೀ ಜಾಗ ಕೊಡೋರು ಆಗಬಾರದು. ಮಾರಿದ ಮೇಲೆ ಅದರ ದುಡ್ಡು ಡೈರಿ ಹಾಲಿನ ದುಡ್ಡಿನ ಥರ ಬರಬೇಕು.

ಯಾಕೆ ಹಾಲು ಅಂದೆ ಅಂದರೆ, ನಮ್ಮ ಜಿಲ್ಲೆಯ ರೈತನಿಗೆ ಮಾರಾಟದ ಎರಡು ಪಾಠ ಗೊತ್ತು. ಒಂದು ಹಾಲು, ಒಂದು ಕಬ್ಬು. ಡೈರಿಗೆ ಹೋದರೆ ನಮ್ಮ ಕಣ್ಣೆದುರೇ ಅಳತೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಸಂಘ ನಮ್ಮದು, ಕಾರ್ಯದರ್ಶಿ ನಮ್ಮೂರಿನವನು, ತಪ್ಪಿದರೆ ಸಭೇಲಿ ಎದ್ದು ನಿಂತು ಕೇಳಬಹುದು. ದರ ಸಾಲದು ಅಂತ ಬೈಕೊಂಡರೂ ಮನೆ ನಡೆಸ್ತಾ ಇರೋದು ಹಾಲೇ.

ಕಬ್ಬು ಹಂಗಲ್ಲ. ತೂಕ ಕಾರ್ಖಾನೆಯದು, ಇಳುವರಿ ಲೆಕ್ಕ ಕಾರ್ಖಾನೆಯದು. ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡ ಆದರೆ ವರ್ಷಕ್ಕೆ ಶೇ. 15 ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಬಡ್ಡಿ ಕೈಗೆ ಬಂದವರು ಎಷ್ಟು ಜನ ಇದ್ದೀರಿ ಅಂತ ನಿಮಗೇ ಗೊತ್ತು. ಇನ್ನೊಂದು ಮಾತು. ಕಬ್ಬಿನ ಸಿಪ್ಪೆ ಉರಿಸಿ ಕಾರ್ಖಾನೆಗಳು ಕರೆಂಟ್ ಮಾಡಿ ಮಾರುತ್ತವೆ. ಅದೂ ನಮ್ಮ ಗದ್ದೆಯಿಂದಲೇ ಹುಟ್ಟಿದ ಕರೆಂಟ್. ಆದರೆ ಎಫ್‌ಆರ್‌ಪಿ ಲೆಕ್ಕ ಹಾಕೋದು ಸಕ್ಕರೆ ಇಳುವರಿ ಮೇಲೆ, ಯೂನಿಟ್ ಮೇಲೆ ಅಲ್ಲ. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಜೊತೆಗೆ ಸಿಪ್ಪೆ, ಕಾಕಂಬಿ, ಮಡ್ಡಿಯ ಆದಾಯ ಸೇರಿಸಿ ಶೇ. 70 ರೈತನಿಗೆ ಹೋಗಲಿ ಅಂತ ಹೇಳಿತ್ತು. ಅಂದರೆ ಕರೆಂಟಿಗೆ ಕಚ್ಚಾ ಮಾಲು ಕೊಟ್ಟು, ಕರೆಂಟ್ ಮಾರೋನು ಇನ್ನೊಬ್ಬ ಆದರೆ ಏನಾಗುತ್ತೆ ಅಂತ ನಾವು ಆಗಲೇ ಕಂಡಿದ್ದೀವಿ. ಬಿಸಿಲಿನ ಕರೆಂಟೂ ಅದೇ ದಾರಿ ಹಿಡೀಬಾರದು.

ಈಗ ಮನೆ ತಾರಸಿ ವಿಚಾರ. ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೇದಕ್ಕೆ 18 ಸಾವಿರ, ಒಟ್ಟು 78 ಸಾವಿರದವರೆಗೆ ಕೇಂದ್ರದ ಸಬ್ಸಿಡಿ. ಇದು ಸುಳ್ಳಲ್ಲ, ಒಳ್ಳೇ ಸಬ್ಸಿಡಿನೇ. ಆದರೆ ಮೊನ್ನೆ ನನ್ನ ಕೈಗೆ ಬಂದ ಒಂದು ಕರಪತ್ರದಲ್ಲಿ 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ ಐದು ಸಾವಿರ ಆದಾಯ ಅಂತ ಬರೆದಿತ್ತು. ಲೆಕ್ಕ ಹಾಕೋಣ.

ಒಂದು ಕಿಲೋವ್ಯಾಟ್ ಪ್ಯಾನಲ್ ನಮ್ಮ ಬಿಸಿಲಿಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತೆ ಅಂತ ಇಟ್ಕೊಳ್ಳಿ. ಮೂರಕ್ಕೆ 12. ತಿಂಗಳಿಗೆ 360. ಹಳ್ಳಿ ಮನೇಲಿ ಖರ್ಚಾಗೋದು 70 ಯೂನಿಟ್ ಇರಬಹುದು. ಉಳಿದ 290 ಯೂನಿಟ್ ಲೈನಿಗೆ ಹೋಗುತ್ತೆ. ಸಬ್ಸಿಡಿ ತಗೊಂಡ ಮನೆಗೆ ಯೂನಿಟ್ ದರ ಈಗ ಮೂರು ರೂಪಾಯಿ ಒಳಗೇ. ಎರಡೂವರೆ ಅಂತ ಹಿಡಿದರೆ ತಿಂಗಳಿಗೆ 725 ರೂಪಾಯಿ. ಐದು ಸಾವಿರ ಎಲ್ಲಿ, ಏಳುನೂರು ಎಲ್ಲಿ! ಸಬ್ಸಿಡಿ ಕಳೆದು ಕೈಯಿಂದ ಒಂದು ಲಕ್ಷದ ಮೇಲೆ ಹಾಕಿದರೆ ಅಸಲು ತಿರುಗಕ್ಕೇ ಹತ್ತು ಹನ್ನೆರಡು ವರ್ಷ. ಸಾಲ ಮಾಡಿ ಹಾಕಿಸಿದರೆ ಇನ್ನೂ ಜಾಸ್ತಿ.

ಇನ್ನು ಗೃಹಜ್ಯೋತಿ. 2023ರಿಂದ ನಮ್ಮಲ್ಲಿ ಬಹಳ ಮನೆಗಳ ಬಿಲ್ ಸೊನ್ನೆ. ಬಿಲ್ಲೇ ಇಲ್ಲದ ಮನೇಲಿ ಪ್ಯಾನಲ್ ಉಳಿಸೋದು ಏನನ್ನ? ಇದನ್ನ ನೆನಪಿಡಿ: ಉಳಿಸಿದ ಯೂನಿಟ್‌ಗೆ ಒಂದು ಬೆಲೆ, ಮಾರಿದ ಯೂನಿಟ್‌ಗೆ ಇನ್ನೊಂದು ಬೆಲೆ. ಹೆದ್ದಾರಿ ಪಕ್ಕ ಹೋಟೆಲ್ ಇಟ್ಟವರು, ಹಿಟ್ಟಿನ ಗಿರಣಿಯವರು, ಕೋಳಿ ಫಾರಂನವರು, ಹಗಲು ಹೊತ್ತು ಗಾಣ ಓಡಿಸೋ ಆಲೆಮನೆಯವರು ಕರೆಂಟಿಗೆ ಬಿಲ್ ಕಟ್ಟುತ್ತಾರೆ, ಒಂದು ಯೂನಿಟ್‌ಗೆ ಏಳು ರೂಪಾಯಿ ಅಂತ ಇಟ್ಕೊಳ್ಳಿ. ಅವರ ಪ್ಯಾನಲ್ ಮಾಡಿದ ಯೂನಿಟ್ ಅಲ್ಲೇ ಖರ್ಚಾದರೆ ಏಳು ರೂಪಾಯಿ ಉಳೀತು. ಅದೇ ಯೂನಿಟ್ ಲೈನಿಗೆ ಹೋದರೆ ಮೂರು ರೂಪಾಯಿ ಬಂತು. ಅಂಥವರು ಧೈರ್ಯವಾಗಿ ಹಾಕಿಸಬಹುದು, ಹಗಲು ಎಷ್ಟು ಬಳಸ್ತೀವೋ ಅಷ್ಟಕ್ಕೇ ಹಾಕಿಸಬೇಕು. ಬರೀ ಮಾರೋ ಆಸೆಗೆ ದೊಡ್ಡದು ಹಾಕಿಸೋದು ಬೇಡ. ಗೃಹಜ್ಯೋತಿ ಇರೋ ಮನೆಯವರು ಪ್ಯಾನಲ್ ಹಾಕಿಸಿದ ಮೇಲೆ ಆ ಉಚಿತ ಯೂನಿಟ್ ಏನಾಗುತ್ತೆ ಅಂತ ಸೆಸ್ಕ್ ಕಚೇರಿಯಲ್ಲಿ ಮೊದಲು ಕೇಳಿ, ಬರಹದಲ್ಲಿ ಉತ್ತರ ತಗೊಂಡು ಆಮೇಲೆ ಮುಂದಕ್ಕೆ ಹೋಗಿ.

ದರ ಹಿಂಗೇ ಇತ್ತಾ? ಇಲ್ಲ. 2013ರಲ್ಲಿ ಕೆಇಆರ್‌ಸಿ, ಅಂದರೆ ದರ ನಿಗದಿ ಮಾಡೋ ಆಯೋಗ, ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ಕೊಟ್ಟಿತ್ತು. ಸಬ್ಸಿಡಿ ತಗೊಂಡವರಿಗೆ 7.20. 2016ರಲ್ಲಿ ಸಣ್ಣ ಘಟಕಕ್ಕೆ 7.08 ಆಯ್ತು. 2019ರ ಹೊತ್ತಿಗೆ ಸಬ್ಸಿಡಿ ಇಲ್ಲದ ಮನೆಗೆ 3.99, ಸಬ್ಸಿಡಿ ಇದ್ದರೆ ಮೂರರ ಒಳಗೆ ಬಂತು. ಪ್ಯಾನಲ್ ಬೆಲೆ ಇಳೀತು, ದರಾನೂ ಇಳಿಸಿದರು. ಅದರಲ್ಲಿ ನ್ಯಾಯ ಇಲ್ಲ ಅಂತ ಹೇಳಲ್ಲ. ಆದರೆ 9.56ರ ಕಥೆ ಹೇಳಿ ಇವತ್ತು ಪ್ಯಾನಲ್ ಮಾರೋರು ಇದ್ದಾರೆ, ಅವರ ಮಾತು ನಂಬಬೇಡಿ. ಒಪ್ಪಂದ 25 ವರ್ಷದ್ದು, ದರ ಅದರಲ್ಲಿ ಬರೆದದ್ದೇ.

ದರ ಅನ್ನೋದು ತಾರೀಖಿಗೆ ಕಟ್ಟಿಕೊಂಡಿರುತ್ತೆ ಅನ್ನೋದಕ್ಕೆ ಇನ್ನೊಂದು ಉದಾಹರಣೆ. 2014ರ ಸೋಲಾರ್ ನೀತಿಯಲ್ಲಿ ಜಮೀನು ಇರೋ ರೈತರೇ 1ರಿಂದ 3 ಮೆಗಾವ್ಯಾಟ್ ಘಟಕ ಮಾಡಬಹುದು ಅಂತ ರಾಜ್ಯದಲ್ಲಿ ಅವಕಾಶ ಬಂತು. ದರ 8.40. ಭೂಪರಿವರ್ತನೆ, ಲೈನ್ ಅನುಮತಿ ಅಂತ ಅಲೆದು ಕೆಲಸ ತಡ ಆದವರಿಗೆ ಆಮೇಲೆ ದರ ಇಳಿಸಿದರು, ಕೆಲವರಿಗೆ 4.36ಕ್ಕೆ. ದೆಹಲಿಯ ಮೇಲ್ಮನವಿ ನ್ಯಾಯಮಂಡಳಿವರೆಗೆ ಹೋಗಿ ಹೋರಾಡಬೇಕಾಯ್ತು. ಅರ್ಧ ದರಕ್ಕೆ ಬ್ಯಾಂಕ್ ಕಂತು ಕಟ್ಟೋದು ಹೆಂಗೆ ಅಂತ ಯೋಚನೆ ಮಾಡಿ. ನಾವು ಅರ್ಜಿ ಹಾಕಿದ ದಿನ ಇದ್ದ ದರ ಬೇರೆ, ಮೀಟರ್ ತಿರುಗೋಕೆ ಶುರುವಾದ ದಿನದ ದರ ಬೇರೆ ಆಗಬಹುದು.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಲೈನಿಗೆ ಸೇರಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಇದ್ದಾಗ ಮಾತ್ರ ಕೆಲಸ ಮಾಡುತ್ತೆ. ಕರೆಂಟ್ ಹೋದರೆ ಇನ್ವರ್ಟರ್ ತಾನೇ ನಿಲ್ಲುತ್ತೆ. ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತೆ. ಹಂಗಾಗಿ ಅದು ಇರಲೇಬೇಕಾದ ವ್ಯವಸ್ಥೆ. ಆದರೆ ಇದರ ಅರ್ಥ ಏನು? ಮಟಮಟ ಮಧ್ಯಾಹ್ನ ಬಿಸಿಲು ಸುಡ್ತಾ ಇದ್ದಾಗ ಟಿಸಿ ಸುಟ್ಟರೆ, ಅದನ್ನ ಬದಲಾಯಿಸೋವರೆಗೆ ನಿಮ್ಮ ಪ್ಯಾನಲ್ ದುಡಿಯಲ್ಲ. ದುಡಿಯದ ಯೂನಿಟ್‌ಗೆ ದುಡ್ಡಿಲ್ಲ. ತಪ್ಪು ನಿಮ್ಮದಲ್ಲ, ನಷ್ಟ ಮಾತ್ರ ನಿಮ್ಮದು. ಕರಪತ್ರದಲ್ಲಿ ಇದು ಇರಲ್ಲ. ತೆಂಗಿನ ಮರದ ನೆರಳೂ ಇರಲ್ಲ. ನಮ್ಮ ಮನೆಗಳ ಸುತ್ತ ತೆಂಗು ಇಲ್ಲದ ಜಾಗ ಎಲ್ಲಿದೆ? ಮೂರು ಗಂಟೆ ಮೇಲೆ ನೆರಳು ಬೀಳೋ ತಾರಸಿ ಆದರೆ ಮೇಲೆ ಹೇಳಿದ ಲೆಕ್ಕದಲ್ಲೂ ಕಡಿತ ಹಾಕಿ.

ಈಗ ಪಂಪ್‌ಸೆಟ್‌ಗೆ ಬರೋಣ, ನಮ್ಮ ನಿಜವಾದ ಕರೆಂಟ್ ಅಲ್ಲಿರೋದು. ಹಲಗೂರು ದಾಟಿದರೆ ಪಕ್ಕದ್ದೇ ಕನಕಪುರ ತಾಲ್ಲೂಕು. ಅಲ್ಲಿನ ಹಾರೋಬೆಲೆ ಭಾಗದಲ್ಲಿ ಹತ್ತು ವರ್ಷದ ಹಿಂದೆ 'ಸೂರ್ಯ ರೈತ' ಅಂತ ಒಂದು ಪ್ರಯೋಗ ನಡೀತು. ಸುಮಾರು 300 ಪಂಪ್‌ಸೆಟ್‌ಗೆ ಸೋಲಾರ್ ಹಾಕಿ ಲೈನಿಗೆ ಸೇರಿಸಿದರು. ರೈತ ತನಗೆ ಬೇಕಾದಷ್ಟು ನೀರು ಎತ್ತಿಕೊಂಡು ಉಳಿದ ಕರೆಂಟನ್ನ ಬೆಸ್ಕಾಂಗೆ ಮಾರೋದು, ದರ 7.20. ಅದರಲ್ಲಿ ಹೆಚ್ಚಿನ ಪಾಲು ಪ್ಯಾನಲ್ ಸಾಲಕ್ಕೆ ಜಮೆ, ರೈತನ ಕೈಗೆ ಯೂನಿಟ್‌ಗೆ ಒಂದು ರೂಪಾಯಿ ಲೆಕ್ಕ. ರೈತರದ್ದೇ ಒಂದು ಸಹಕಾರ ಸಂಘಾನೂ ಮಾಡಿದರು. ಆ ಮಾದರಿ ರಾಜ್ಯದ ತುಂಬ ಹರಡಲಿಲ್ಲ. ಆದರೆ ಅದರ ಮೂಲ ಆಲೋಚನೆ ಸರಿ ಇತ್ತು ಅಂತ ನಾನು ಈಗಲೂ ಹೇಳ್ತೀನಿ: ಪಂಪ್‌ಸೆಟ್ ಇರೋ ರೈತನೇ ಮಾರಾಟಗಾರ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಅನ್ನೋ ಹಳ್ಳೀಲಿ 2016ರಲ್ಲಿ ಆರೇ ಆರು ಜನ ರೈತರು ಸೇರಿ ಸೋಲಾರ್ ಸಹಕಾರ ಸಂಘ ಮಾಡಿ ಕರೆಂಟ್ ಮಾರಿದರು. ಕಂಪನಿ ಕೊಟ್ಟ ದರ ಯೂನಿಟ್‌ಗೆ 4.63. ಅದರ ಮೇಲೆ ನೀರು ಉಳಿಸಿದ್ದಕ್ಕೆ ಅಂತ ಒಂದು ಸಂಶೋಧನಾ ಸಂಸ್ಥೆ ಬೇರೆ ಪ್ರೋತ್ಸಾಹಧನ ಕೊಡ್ತು. ಹಾಲಿನ ಸಹಕಾರ ಸಂಘಗಳ ನಾಡು ಅದು, ಅಮೂಲ್‌ನ ಆನಂದ್ ಪಕ್ಕದಲ್ಲೇ. ಹಾಲಿನ ದಾರೀಲೇ ಕರೆಂಟ್ ಮಾರಿದರು. ಆದರೆ ಪೂರ್ತಿ ಹೇಳಬೇಕು. ಅವರು ಮೊದಲು ಡೀಸೆಲ್ ಪಂಪ್ ಓಡಿಸ್ತಿದ್ದೋರು, ಸಬ್ಸಿಡಿ ಕರೆಂಟ್ ಸಂಪರ್ಕ ಕೇಳಲ್ಲ ಅಂತ ಒಪ್ಪಿಕೊಂಡು ಈ ಯೋಜನೆಗೆ ಬಂದೋರು. ನಮಗೆ 10 ಎಚ್‌ಪಿವರೆಗೆ 2008ರಿಂದ ಉಚಿತ ಕರೆಂಟ್ ಇದೆ. ನಮ್ಮ ಲೆಕ್ಕ ಬೇರೆ.

ಇಲ್ಲೇ ನಮ್ಮ ಭಯ ಇರೋದು. "ಮಾರಬೇಕು ಅಂದ್ರೆ ಮೀಟರ್ ಬೇಕು. ಮೀಟರ್ ಬಂದ್ರೆ ನಾಳೆ ಬಿಲ್ ಬತ್ತದೆ ಕಣಣ್ಣ" ಅಂತ ಹೇಳದವರೇ ಇಲ್ಲ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮಂಡ್ಯದ ರೈತ ಚಳವಳಿ ನೋಡಿ ಬೆಳೆದವನು ನಾನೂ. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಅಳತೆ ಪಾತ್ರೆ ಇಲ್ಲದೆ ಡೈರಿಗೆ ಹಾಲು ಹಾಕ್ತೀರಾ? ಈಗ ನಮ್ಮ ಪಂಪ್‌ಸೆಟ್ ಎಷ್ಟು ಯೂನಿಟ್ ತಿಂತು ಅಂತ ಬಹಳ ಕಡೆ ಅಂದಾಜಿನ ಮೇಲೆ ಬರೀತಾರೆ, ಆ ಅಂದಾಜಿನ ಮೇಲೆ ಸರ್ಕಾರ ವಿದ್ಯುತ್ ಕಂಪನಿಗೆ ದುಡ್ಡು ಕಟ್ಟುತ್ತೆ. "ರೈತರಿಗೆ ಇಷ್ಟು ಸಾವಿರ ಕೋಟಿ ಕೊಟ್ಟಿದ್ದೀವಿ" ಅಂತ ಪೇಪರಲ್ಲಿ ಬರೋದು ಅದೇ. ಅಳತೆ ಇಲ್ಲದ ಕಡೆ ನಮ್ಮ ಲೆಕ್ಕ ಬರೆಯೋನು ಇನ್ನೊಬ್ಬ.

ನಾನು ಹೇಳೋದು ಇಷ್ಟು. ಹೊರಗೆ ಹೋಗೋ ಕರೆಂಟಿಗೆ ಮೀಟರ್ ಇರಲಿ. ಒಳಗೆ ಬರೋದಕ್ಕೆ ಬಿಲ್ ಹಾಕಲ್ಲ ಅಂತ ಸರ್ಕಾರ ಆದೇಶದಲ್ಲೇ ಬರೆದುಕೊಡಲಿ, ಭಾಷಣದಲ್ಲಿ ಅಲ್ಲ. ಹಂಗೆ ಬರೆದುಕೊಟ್ಟರೆ ಮೀಟರ್‌ಗೆ ಹೆದರೋದು ಬೇಡ. ಇದರಲ್ಲಿ ನೀರಿನ ವಿಚಾರಾನೂ ಇದೆ. ನಾಲೆ ಕೊನೇ ಭಾಗದ ನಮ್ಮಂಥವರು ಬೋರಿನ ಮೇಲೇ ನಿಂತಿರೋದು. ಸ್ವಿಚ್ ಆಫ್ ಮಾಡಿದರೆ ಏನೂ ಸಿಗಲ್ಲ, ಹಂಗಾಗಿ ಆಟೋ ಸ್ಟಾರ್ಟರ್ ಹಾಕಿ ಮನೇಲಿ ಮಲಗ್ತೀವಿ, ಗದ್ದೆ ತುಂಬಿ ಪಕ್ಕದ ಹಳ್ಳಕ್ಕೆ ಹರೀತಾ ಇರುತ್ತೆ. ಎತ್ತದೇ ಉಳಿಸಿದ ಯೂನಿಟ್‌ಗೆ ಮೂರು ರೂಪಾಯಿ ಸಿಗುತ್ತೆ ಅಂದರೆ ಎಂಥವನೂ ಎದ್ದು ಹೋಗಿ ಮೋಟರ್ ಆಫ್ ಮಾಡ್ತಾನೆ. ನೀರು ಉಳಿಸಿ ಅಂತ ಉಪದೇಶ ಮಾಡೋದಕ್ಕಿಂತ ಇದು ಕೆಲಸ ಮಾಡುತ್ತೆ.

ಈಗ ಹೊಲ ನೋಡೋಕೆ ಬರೋರ ಮಾತು. ಕುಸುಮ್ ಯೋಜನೇಲಿ ಬೇರೆ ಬೇರೆ ಭಾಗ ಇದೆ. ನಮ್ಮ ರಾಜ್ಯದಲ್ಲಿ ಈಗ ಜೋರಾಗಿ ನಡೀತಾ ಇರೋದು ಕುಸುಮ್-ಸಿ, ಅಂದರೆ ಒಂದೊಂದು ಪಂಪ್‌ಸೆಟ್‌ಗೆ ಪ್ಯಾನಲ್ ಹಾಕೋ ಬದಲು ಸಬ್‌ಸ್ಟೇಷನ್ ಹತ್ತಿರ ಒಂದು ಘಟಕ ಮಾಡಿ ಆ ಫೀಡರ್‌ನ ಪಂಪ್‌ಸೆಟ್‌ಗಳಿಗೆಲ್ಲ ಹಗಲು ಕರೆಂಟ್ ಕೊಡೋದು. ಇದರಲ್ಲಿ ಒಳ್ಳೇದಿದೆ. ಹಗಲು ತ್ರೀಫೇಸ್ ಬಂದರೆ ರಾತ್ರಿ ಹಾವು-ಚಿರತೆ ಭಯದಲ್ಲಿ ಬ್ಯಾಟರಿ ಹಿಡ್ಕೊಂಡು ಗದ್ದೆಗೆ ಹೋಗೋದು ತಪ್ಪುತ್ತೆ. ನಾನು ವಿರೋಧಿ ಅಲ್ಲ. ಆದರೆ ಕರೆಂಟ್ ಮಾರೋನು ಯಾರು? ಟೆಂಡರ್ ತಗೊಂಡ ಕಂಪನಿ. ನಾವು ಜಾಗ ಕೊಟ್ಟೋರು.

ಲೆಕ್ಕ ನೋಡಿ. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ವರ್ಷಕ್ಕೆ 15 ಲಕ್ಷ ಯೂನಿಟ್ ಆಗುತ್ತೆ ಅಂತ ಇಟ್ಕೊಳ್ಳಿ. ಮೂರು ರೂಪಾಯಿ ಲೆಕ್ಕಕ್ಕೆ 45 ಲಕ್ಷ. ಏಜೆಂಟರು ನಮಗೆ ಹೇಳ್ತಾ ಇರೋ ಗುತ್ತಿಗೆ ಎಕರೆಗೆ ವರ್ಷಕ್ಕೆ 25 ಸಾವಿರ. ಐದು ಎಕರೆಗೆ ಒಂದೂಕಾಲು ಲಕ್ಷ. ನೂರು ರೂಪಾಯಿ ವ್ಯಾಪಾರದಲ್ಲಿ ಜಾಗದವನಿಗೆ ಮೂರು ರೂಪಾಯಿನೂ ಇಲ್ಲ. ಕಂಪನಿ ಬಂಡವಾಳ ಹಾಕುತ್ತೆ, ಸಾಲ ತೀರಿಸುತ್ತೆ, ನಷ್ಟದ ಭಯ ಅವರದ್ದು, ಅದೆಲ್ಲ ಒಪ್ಪಿದೆ. ಮೆಗಾವ್ಯಾಟ್‌ಗೆ ನಾಲ್ಕು ಕೋಟಿ ಆಸುಪಾಸು ಬೇಕು, ನಮ್ಮ ಒಬ್ಬೊಬ್ಬರ ಕೈಲಿ ಆಗಲ್ಲ. ಆದರೂ ಮೂರು ರೂಪಾಯಿ ಪಾಲು ಸರಿ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ.

ಪಾವಗಡ ನೋಡಿದ್ದೀವಲ್ಲ. 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಎಕರೆಗೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆಯೇ ಇಲ್ಲದ ಪಾವಗಡದ ಬೆದ್ದಲು ಭೂಮಿಗೆ ಆ ದುಡ್ಡು ವರವೇ, ಇಲ್ಲ ಅನ್ನಲ್ಲ. ಆದರೆ ಜಮೀನು ಇಲ್ಲದ ಕೂಲಿಯವನಿಗೆ ಗುತ್ತಿಗೇನೂ ಇಲ್ಲ, ಕಳೆ ಕೀಳೋ ಕೆಲಸಾನೂ ಇಲ್ಲ. ನಮ್ಮ ನೀರಾವರಿ ಗದ್ದೆಗೂ ಪಾವಗಡದ ಲೆಕ್ಕಕ್ಕೂ ತಾಳೆ ಹಾಕಬಾರದು. ಬೆಳೆಯೋ ಗದ್ದೆ ಕೊಡಬೇಡಿ. ಕೊಡೋದಾದರೆ ಕಲ್ಲುಭೂಮಿ ಕೊಡಿ, ಅದೂ ಬರೀ ಬಾಡಿಗೆಗೆ ಅಲ್ಲ, ಯೂನಿಟ್ ಮೇಲೆ ಪಾಲು ಕೇಳಿ.

ಇನ್ನೂ ಒಳ್ಳೇದು, ನಾವೇ ಮಾಡೋದು. ಕುಸುಮ್‌ನ ಎ ಭಾಗದಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ ರೈತರು, ರೈತರ ಗುಂಪು, ಸಹಕಾರ ಸಂಘ, ಪಂಚಾಯ್ತಿ, ರೈತ ಉತ್ಪಾದಕ ಸಂಸ್ಥೆ, ನೀರು ಬಳಕೆದಾರರ ಸಂಘ ಯಾರು ಬೇಕಾದರೂ ಘಟಕ ಮಾಡಬಹುದು ಅಂತ ನಿಯಮದಲ್ಲೇ ಇದೆ. ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮನ್‌ಮುಲ್ ಇದೆ, ಊರೂರಿಗೆ ಡೈರಿ ಇದೆ, ಸೊಸೈಟಿ ಇದೆ. ನೂರು ಮನೆ ಹಾಲು ಕೂಡಿಸಿ ಅಷ್ಟು ದೊಡ್ಡ ಡೈರಿ ಕಟ್ಟಿದ ಜಿಲ್ಲೆಗೆ ಒಂದು ಮೆಗಾವ್ಯಾಟ್ ಕಟ್ಟೋದು ಆಗದ ಕೆಲಸ ಅಲ್ಲ. ಡಿಸಿಸಿ ಬ್ಯಾಂಕ್ ಸಾಲ ಕೊಡಬೇಕು, ಸರ್ಕಾರ ಟೆಂಡರಿನಲ್ಲಿ ಒಂದಿಷ್ಟು ಫೀಡರ್‌ಗಳನ್ನ ರೈತ ಸಂಘಗಳಿಗೇ ಅಂತ ಮೀಸಲಿಡಬೇಕು. ಇದನ್ನ ನಾವು ಕೇಳಬೇಕು. ನಾವು ಕೇಳದೆ ಯಾರೂ ತಂದು ಕೊಡಲ್ಲ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಾ ಇದ್ದೀನಿ ಅಂದರೆ, ನಮ್ಮ ಮಳವಳ್ಳಿ ತಾಲ್ಲೂಕಿಗೆ ಕರೆಂಟ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ಮಾಡಿ, 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಾದು ಹೋದ ಹಳ್ಳಿಗಳು ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡೀಲೇ ಇದ್ದವು. ಆಗ ಕೇಳೋಕೆ ನಮ್ಮ ಅಜ್ಜಂದಿರಿಗೆ ಗೊತ್ತಿರಲಿಲ್ಲ. ಈಗ ಬಿಸಿಲಿನ ಕರೆಂಟ್ ಬಂದಿದೆ, ನಮಗೆ ಗೊತ್ತಿದೆ.

ಕಡೇಗೆ, ಸಹಿ ಹಾಕೋ ಮುಂಚೆ ಇಷ್ಟು ನೋಡಿ. ಒಪ್ಪಂದ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಯೂನಿಟ್ ದರ ಅಂಕಿಯಲ್ಲಿ ಇದೆಯಾ, ಯಾವ ತಾರೀಖಿನ ದರ ಅಂತ ಇದೆಯಾ ನೋಡಿ. ಮೀಟರ್ ಓದೋ ದಿನ ನಿಮಗೆ ಕಾಗದ ಕೊಡಬೇಕು. ದುಡ್ಡು ಎಷ್ಟು ದಿನದೊಳಗೆ, ತಡ ಆದರೆ ಬಡ್ಡಿ ಎಷ್ಟು ಅಂತ ಇರಬೇಕು. ಹೊರಗೆ ಹೋದ ಯೂನಿಟ್ ನೀವೂ ತಿಂಗಳಿಗೊಮ್ಮೆ ಒಂದು ಬುಕ್ಕಲ್ಲಿ ಬರೆದಿಡಿ, ಹಾಲಿನ ಪಾಸ್‌ಬುಕ್ ಥರ. ಗುತ್ತಿಗೆ ಆದರೆ ಕಂಪನಿ ಕೈ ಬದಲಾದಾಗ ಬಾಡಿಗೆ ಯಾರು ಕೊಡ್ತಾರೆ, 25 ವರ್ಷ ಆದ ಮೇಲೆ ಆ ಕಬ್ಬಿಣ, ಕಾಂಕ್ರೀಟ್ ಯಾರು ಕೀಳ್ತಾರೆ, ಜಮೀನಿನ ಮೇಲೆ ಅವರು ಸಾಲ ಎತ್ತಬಹುದಾ, ಈ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಇಲ್ಲದೆ ಸಹಿ ಹಾಕಬೇಡಿ. ಊರಲ್ಲಿ ಒಬ್ಬೊಬ್ಬರೇ ಹೋಗಿ ಮಾತಾಡಬೇಡಿ, ಹತ್ತು ಜನ ಸೇರಿ ಮಾತಾಡಿ.

ನಿಮ್ಮೂರ ಡೈರಿ ಸಂಘದ ಮುಂದಿನ ಸಭೇಲಿ ಈ ವಿಚಾರ ಒಂದು ಸಲ ಎತ್ತಿ. ಯಾರಾದರೂ ಈಗಾಗಲೇ ಕರೆಂಟ್ ಮಾರ್ತಾ ಇದ್ದರೆ ತಿಂಗಳಿಗೆ ನಿಜವಾಗಿ ಎಷ್ಟು ಬಂತು, ಯಾವ ದಿನ ಬಂತು ಅಂತ ಹೇಳಿ, ಎಲ್ಲರಿಗೂ ಉಪಯೋಗ ಆಗುತ್ತೆ.